ಒಂದು ಸ್ಟಾಪು ಮುಂಚೆ

ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು, ಆದರೆ ಸಂಬಳದ ಚೀಟಿಯನ್ನು ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ಅವನು ಎಲ್ಲರಿಗೂ ಸೇತುವೆ. ಎದುರಿಗೆ ಸೇತುವೆ ಸಾಹೇಬರು, ಬೆನ್ನ ಹಿಂದೆ ಬರೀ ಸೇತುವೆ. ಅವನಿಗೆ ಎರಡೂ ಗೊತ್ತಿತ್ತು, ಎರಡರಿಂದಲೂ ಒಳಗೊಳಗೇ ಖುಷಿಯಾಗುತ್ತಿತ್ತು.

ಆ ನಾಡಿನಲ್ಲಿ ಆರೋಗ್ಯದ ಯಜಮಾನಿಕೆ ಮೂರು ಕಡೆ ಹಂಚಿಹೋಗಿತ್ತು. ಕೆಳಗೆ ಬಡಾವಣೆಗೊಂದು ಆರೋಗ್ಯ ಕೇಂದ್ರ, ಅದು ಪುರಸಭೆಯದು. ನಡುವೆ ಜಿಲ್ಲಾ ಆಸ್ಪತ್ರೆ. ಮೇಲೆ ರಾಜಧಾನಿಯ ಇಲಾಖೆ, ಅದು ನಡೆಸುವ ದೊಡ್ಡ ಆಸ್ಪತ್ರೆಗಳು. ಮೂರು ಕಡೆಯೂ ಕಂಪ್ಯೂಟರ್ ಬಂದಿತ್ತು, ಆದರೆ ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಕೇಂದ್ರದವರು ಮನುಷ್ಯನನ್ನು ಮನೆ ನಂಬರಿನಿಂದ ಗುರುತಿಸುತ್ತಿದ್ದರು, ಜಿಲ್ಲೆಯವರು ಚೀಟಿ ನಂಬರಿನಿಂದ, ರಾಜಧಾನಿಯವರು ಕಾರ್ಡಿನಿಂದ. ಒಬ್ಬನೇ ಮುದುಕ ಮೂರು ಕಡೆ ಮೂರು ಮುದುಕರಾಗಿ ಬದುಕುತ್ತಿದ್ದ. ಒಬ್ಬರು ತಾರೀಖಿನಲ್ಲಿ ದಿನವನ್ನು ಮೊದಲು ಬರೆದರೆ ಇನ್ನೊಬ್ಬರು ವರ್ಷವನ್ನು ಮೊದಲು ಬರೆಯುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಇಲ್ಲಿ ಎಳೆಯುವುದಕ್ಕೆ ಮೂರನೆಯ ಪ್ರಾಣಿಯೂ ಇತ್ತು.

ಇದನ್ನೆಲ್ಲ ಒಂದು ಮಾಡಬೇಕೆಂಬ ಹಟ ಅವನಿಗೆ ಬಂದದ್ದು ದೊಡ್ಡಸ್ತಿಕೆಗಲ್ಲ. ಇದನ್ನು ಹೇಳದೆ ಮುಂದೆ ಹೋದರೆ ಅವನಿಗೆ ಅನ್ಯಾಯವಾಗುತ್ತದೆ. ಅವನ ಬೀದಿಯಲ್ಲಿದ್ದ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ರಕ್ತದೊತ್ತಡಕ್ಕೆ ಕೇಂದ್ರದಲ್ಲೂ ಮಾತ್ರೆ ತೆಗೆದುಕೊಂಡು, ಜಿಲ್ಲಾ ಆಸ್ಪತ್ರೆಯಲ್ಲೂ ಅದೇ ಮಾತ್ರೆಯನ್ನು ಬೇರೆ ಹೆಸರಿನಲ್ಲಿ ತೆಗೆದುಕೊಂಡು, ಎರಡನ್ನೂ ನುಂಗಿ ನಲ್ಲಿಯ ಹತ್ತಿರ ಕುಸಿದುಬಿದ್ದಿದ್ದ. ಎತ್ತಿಕೊಂಡು ಓಡಿದವನು ಇವನೇ. ಆ ಮುದುಕ ಬದುಕಿದ. ಆದರೆ ಅವನ ಹಗುರವಾದ ಮೈ ತನ್ನ ತೋಳಿನಲ್ಲಿ ಜೋತುಬಿದ್ದಿದ್ದನ್ನು ಇವನು ಮರೆಯಲಿಲ್ಲ. ಅಂದಿನಿಂದ ಮೂರು ಕಂಪ್ಯೂಟರುಗಳನ್ನೂ ಒಂದೇ ದಾರಕ್ಕೆ ಪೋಣಿಸುವ ಕೆಲಸಕ್ಕೆ ಟೊಂಕ ಕಟ್ಟಿ ನಿಂತ. ಆ ಯೋಜನೆಗೆ ಸೇತುವೆ ಎಂದು ಹೆಸರಿಟ್ಟ, ಆ ಹೆಸರು ಅವನಿಗೇ ಅಂಟಿಕೊಂಡಿತು.

ಸಭೆಗಳು ನಡೆದವು. ಮೂರು ಮಟ್ಟದವರೂ ಒಮ್ಮತಕ್ಕೆ ಬರುತ್ತಿದ್ದದ್ದು ಚಹಾದ ವಿಷಯದಲ್ಲಿ ಮಾತ್ರ. ಇವನು ಒಬ್ಬರ ಗಡ್ಡ ಹಿಡಿದು, ಇನ್ನೊಬ್ಬರ ಕಾಲು ಹಿಡಿದು ಒಂದೊಂದೇ ಗಂಟು ಬಿಡಿಸಿದ. ಕೆಳಗಿನವರು ಬರೆದದ್ದನ್ನೇ ಮತ್ತೆ ಮತ್ತೆ ತಿದ್ದುತ್ತಾರೆ ಎಂದು ಮೇಲಿನವರು ದೂರಿದಾಗ ಒಂದು ನಿಯಮವನ್ನೂ ಮಾಡಿದ: ಒಮ್ಮೆ ಕೌಂಟರಿನಿಂದ ಮೇಲೆ ಹೋದದ್ದನ್ನು ಕೌಂಟರಿನವರು ಮುಟ್ಟುವಂತಿಲ್ಲ, ತಿದ್ದಬೇಕಾದರೆ ಜಿಲ್ಲಾ ಕಚೇರಿಗೆ ಅರ್ಜಿ ಹಾಕಬೇಕು. ಎಲ್ಲರೂ ತಲೆಯಾಡಿಸಿದರು.

ಕೊನೆಗೆ ಉಳಿದದ್ದು ಒಂದೇ ಗಂಟು. ಜಿಲ್ಲಾ ಆಸ್ಪತ್ರೆಯ ಹಿರಿಯ ಡಾಕ್ಟರು ಸಭೆಯಲ್ಲಿ ನಿದ್ದೆ ಮಾಡುವುದಕ್ಕೇ ಹೆಸರಾದವರು, ಕಂಪ್ಯೂಟರಿನ ಮೇಲೆ ಟೋಪಿ ಇಡುವವರು. ಅವತ್ತು ಅದು ಹೇಗೋ ಎಚ್ಚರವಾಗಿದ್ದರು.

"ಎಲ್ಲಾ ಎಲ್ಲರಿಗೂ ಕಾಣಬಾರದಪ್ಪಾ," ಎಂದರು. "ಕೆಲವು ವಿಭಾಗಕ್ಕೆ ಬೀಗ ಇರ್ಲಿ. ಜನ ಮನೆ ಹತ್ರದ ಡಾಕ್ಟರನ್ನ ಬಿಟ್ಟು ಅಷ್ಟು ದೂರ ಹೋಗೋದು ಊರು ನೋಡೋಕಲ್ಲ."

ರಾಜಧಾನಿಯ ಎಂಜಿನಿಯರು ಬೀಗ ಹಾಕಬಹುದು, ಆದರೆ ಇನ್ನೂ ಆರು ತಿಂಗಳು ಬೇಕು ಎಂದ. ಆರು ತಿಂಗಳೆಂದರೆ ಪಕ್ಕದ ಜಿಲ್ಲೆ ಮೊದಲಾಗುತ್ತದೆ. ಇವನಿಗೆ ಅದು ನುಂಗಲಾರದ ತುತ್ತಾಯಿತು. ಎದ್ದು ನಿಂತು, ಕಾಯಿಲೆ ಬಂದರೆ ನಾಚಿಕೆಯೇಕೆ, ಮುಚ್ಚಿಡುವವರು ಕಳ್ಳರು ಮಾತ್ರ, ಸೇತುವೆಗೆ ಯಾರಾದರೂ ಬಾಗಿಲು ಇಡುತ್ತಾರೆಯೇ ಎಂದು ಕೇಳಿದ. ಸಭೆ ಗೊಳ್ಳೆಂದು ನಕ್ಕಿತು. ಡಾಕ್ಟರು ಮತ್ತೆ ಕಣ್ಣು ಮುಚ್ಚಿದರು. ಬೀಗದ ಮಾತು ಅಲ್ಲಿಗೇ ನಿಂತಿತು.

ಇನ್ನು ಅವನ ಅಕ್ಕನ ವಿಚಾರ. ತಾಯಿ ಹೋದ ಮೇಲೆ ಅವನನ್ನು ಸಾಕಿದ್ದು, ಓದಿಸಿದ್ದು, ಮದುವೆ ಮಾಡಿ ಪಕ್ಕದ ಬೀದಿಯಲ್ಲಿ ಮನೆ ಹೂಡಿಸಿದ್ದು ಎಲ್ಲ ಅವಳೇ. ತಾನು ಮದುವೆಯಾಗಲಿಲ್ಲ. ಎರಡು ಕೋಣೆಯ ಮನೆ, ಮುಂದಿನದರಲ್ಲಿ ಹೊಲಿಗೆ ಮಿಷನ್ನು, ಹಿಂದಿನದರಲ್ಲಿ ಮಂಚ ಮತ್ತು ಒಲೆ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಪ್ರತಿ ತಿಂಗಳ ಮೊದಲ ಗುರುವಾರ ಅಂಗಡಿಗೆ ಬೀಗ ಹಾಕಿ, ಹದಿನೆಂಟನೇ ನಂಬರ್ ಬಸ್ಸು ಹತ್ತಿ, ಸಗಟು ಮಾರ್ಕೆಟ್ಟಿನಿಂದ ಗುಂಡಿ ತರುತ್ತಿದ್ದಳು. ಅಂಗಿಯ ಗುಂಡಿ, ಬಿಳಿಯವು, ನೀಲಿಯವು, ಎರಡು ತೂತಿನವು, ನಾಲ್ಕು ತೂತಿನವು. ಊರಿನ ಮಕ್ಕಳೆಲ್ಲ ಸೇರಿ ದಿನಾ ಕಿತ್ತು ಬಿಸಾಡಿದರೂ ಮುಗಿಯದಷ್ಟು ಗುಂಡಿ ಆ ಮನೆಯಲ್ಲಿತ್ತು. ಹಿಟ್ಟಿನ ಡಬ್ಬಿ ತೆಗೆದರೂ ಗುಂಡಿ, ಸಕ್ಕರೆ ಡಬ್ಬಿ ತೆಗೆದರೂ ಗುಂಡಿ. ಅವನ ಮಗಳು ಅವಳನ್ನು ಗುಂಡಿ ಅತ್ತೆ ಎಂದು ಕರೆಯುತ್ತಿದ್ದಳು. ಅಕ್ಕನಿಗೆ ವ್ಯಾಪಾರ ಬುದ್ಧಿ ಇಲ್ಲ ಎಂದು ಅವನೂ ನಗುತ್ತಿದ್ದ.

ಹದಿನೆಂಟನೇ ನಂಬರ್ ಬಸ್ಸಿನ ಬಗ್ಗೆ ಊರಿನಲ್ಲಿ ಒಂದು ಹಳೆಯ ತಮಾಷೆಯಿತ್ತು. ಮಾರ್ಕೆಟ್ಟು ದಾಟಿದ ಮೇಲೆ ಅದರ ಕೊನೆಯ ಸ್ಟಾಪು ರಾಜಧಾನಿಯ ಇಲಾಖೆ ನಡೆಸುವ ಮಾನಸಿಕ ಆಸ್ಪತ್ರೆ. ಯಾರಾದರೂ ಎಡವಟ್ಟು ಮಾತಾಡಿದರೆ "ನಿನಗೆ ಕೊನೇ ಸ್ಟಾಪಿಗೆ ಟಿಕೆಟ್ ತೆಗೀಬೇಕು" ಅನ್ನುವುದು ವಾಡಿಕೆ. ಈ ತಮಾಷೆಯಲ್ಲಿ ಸೇತುವೆಯನ್ನು ಮೀರಿಸಿದವರಿಲ್ಲ. ಕಂಡಕ್ಟರಿನಂತೆ ಕಂಕುಳಲ್ಲಿ ಚೀಲ ಸಿಕ್ಕಿಸಿಕೊಂಡು, ಕಣ್ಣು ಮೇಲೆ ಮಾಡಿ, "ಕೊನೇ ಸ್ಟಾಪು, ಯಾರಿದೀರಾ, ನಾಚ್ಕೋಬೇಡಿ" ಎಂದು ಕೂಗಿದರೆ ಮನೆಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು.

ಉದ್ಘಾಟನೆಯ ದಿನ ಹತ್ತಿರ ಬಂತು. ದೊಡ್ಡ ಪರದೆಯ ಮೇಲೆ ಒಬ್ಬರ ಕಾರ್ಡಿನ ನಂಬರು ಒತ್ತಿ, ಮೂರು ಮಟ್ಟದ ಚಿಕಿತ್ಸೆಯೂ ಒಂದೇ ಕಡೆ ಹೇಗೆ ಬರುತ್ತದೆಂದು ತೋರಿಸಬೇಕಿತ್ತು. ಪರರ ಕಾರ್ಡು ಹಾಕುವಂತಿಲ್ಲ, ಇಂಥ ಕಡೆ ಸ್ವಂತ ಮನೆಯವರದನ್ನೇ ಹಾಕುವುದು ಅವರ ಕಚೇರಿಯಲ್ಲಿ ನಡೆದುಬಂದ ರೂಢಿ. ಅವನು ಅಕ್ಕನ ಕಾರ್ಡು ಕೇಳಿದ. ಅವಳು ನಿನ್ನ ಹೆಂಡತಿಯದು ತಗೋ ಎಂದಳು. ಹೆಂಡತಿ ಆಸ್ಪತ್ರೆಯ ಮೆಟ್ಟಿಲೇ ಹತ್ತಿದವಳಲ್ಲ, ತೋರಿಸಲು ಏನಿದೆ? ಅಕ್ಕನಿಗಾದರೆ ಕೇಂದ್ರದಲ್ಲಿ ರಕ್ತದೊತ್ತಡದ ಮಾತ್ರೆ, ಜಿಲ್ಲಾ ಆಸ್ಪತ್ರೆಯಲ್ಲಿ ಕನ್ನಡಕ. ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಒತ್ತಿ ತೋರಿಸಿದ. ಎರಡೇ ಸಾಲು ಬಂದವು. ಅವಳು ಕನ್ನಡಕ ಸರಿಮಾಡಿಕೊಂಡು ಆ ಎರಡು ಸಾಲನ್ನು ಬಹಳ ಹೊತ್ತು ನೋಡಿದಳು.

"ಇಷ್ಟೇನಾ?"

"ಇಷ್ಟೇ. ಇನ್ನೇನಿರುತ್ತೆ, ಕಲ್ಲುಗುಂಡಿನ ಹಾಗಿದೀಯ."

"ನಿನಗೆ ಒಳ್ಳೇದಾಗುತ್ತಾ?"

ಆಗುತ್ತದೆ ಎಂದ. ಅವಳು ಕೊಟ್ಟಳು.

ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎರಡು ಸಾಲಿನಲ್ಲಿ ರಾಜಧಾನಿಯದು ಒಂದೂ ಇಲ್ಲವಲ್ಲ, ಮೂರು ಮಟ್ಟವೆಂದು ಡಂಗುರ ಹೊಡೆದು ಎರಡು ತೋರಿಸುವುದೇ ಎಂದು ಅವನಿಗೆ ಚಡಪಡಿಕೆ. ರಾಜಧಾನಿಯ ಆಸ್ಪತ್ರೆಗಳ ಸಂಪರ್ಕ ಇನ್ನೂ ತೆರೆದಿರಲಿಲ್ಲ. ಅಕ್ಕನ ಸಾಲು ಇಲ್ಲದಿದ್ದರೂ ಮೂರನೆಯ ಮಟ್ಟದ ಹೆಸರಾದರೂ ಪರದೆಯ ಮೇಲೆ ಬರಲಿ ಎಂದು ಅವನು ಎಂಜಿನಿಯರಿಗೆ ಫೋನು ಮಾಡಿ ಮಾಡಿ, ಕೊನೆಗೆ ಉದ್ಘಾಟನೆಯ ದಿನ ಬೆಳಿಗ್ಗೆ ತೆರೆಸಿಕೊಂಡ. ಮತ್ತೊಮ್ಮೆ ಒತ್ತಿ ನೋಡುವಷ್ಟು ಪುರುಸೊತ್ತು ಇರಲಿಲ್ಲ, ಹೂಗುಚ್ಛ ಇನ್ನೂ ಬಂದಿರಲಿಲ್ಲ.

ಅಕ್ಕನನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದ. ಅವಳು ತಾನೇ ಹೊಲಿದ ಹೊಸ ಬಟ್ಟೆ ತೊಟ್ಟು, ಮೊಣಕಾಲ ಮೇಲೆ ಚೀಲವಿಟ್ಟುಕೊಂಡು ಕೂತಿದ್ದಳು. ಮೈಕಿನ ಮುಂದೆ ಅವನು, ನನ್ನನ್ನು ಬೆಳೆಸಿದ ಅಕ್ಕ ಇಲ್ಲೇ ಇದ್ದಾರೆ, ಅವರದೇ ಕಾರ್ಡು ಎಂದು ಹೇಳಿ ಗುಂಡಿ ಒತ್ತಿದ. ಜನ ಚಪ್ಪಾಳೆ ತಟ್ಟಿದರು. ಮೊದಲ ಸಾಲು ಬಂತು. ಎರಡನೆಯದು ಬಂತು. ಅದಾದ ಮೇಲೆ ಮೂರನೆಯದು, ನಾಲ್ಕನೆಯದು, ಪರದೆ ತುಂಬುವವರೆಗೂ ಬರುತ್ತಲೇ ಹೋದವು. ಎಲ್ಲವೂ ಕೊನೇ ಸ್ಟಾಪಿನ ಆಸ್ಪತ್ರೆಯವು. ಎಲ್ಲವೂ ಗುರುವಾರದವು. ತೀವ್ರ ಖಿನ್ನತೆ, ಮಾತ್ರೆ ಮುಂದುವರಿಸುವುದು. ಜೊತೆಗೆ ಬಂದವರು: ಯಾರೂ ಇಲ್ಲ. ತಿಂಗಳು ತಿಂಗಳೂ ಅದೇ, ಅವನ ಮಗಳು ಹುಟ್ಟುವುದಕ್ಕೂ ಮುಂಚಿನಿಂದ. ಜೊತೆಗೆ ಬಂದವರು: ಯಾರೂ ಇಲ್ಲ.

ಅವನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅಕ್ಕನ ಕಡೆ ತಿರುಗುವುದಕ್ಕೆ ಮುಂಚೆಯೇ ಅವನ ಬಾಯಿ ಮೈಕಿಗೆ ಹೋಗಿ ಮಾತಾಡಿಬಿಟ್ಟಿತು.

"ಕ್ಷಮಿಸಿ, ಇದೇನೋ ತಾಂತ್ರಿಕ ದೋಷ. ಇದು ನಮ್ಮ ಅಕ್ಕನದಲ್ಲ. ನಮ್ಮ ಮನೇಲಿ ಅಂಥವರು ಯಾರೂ ಇಲ್ಲ."

ಜನ ಹಗುರಾದವರಂತೆ ನಕ್ಕರು, ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಅಕ್ಕ ಎದ್ದಳು. ಚೀಲವನ್ನು ಹೆಗಲಿಗೆ ಹಾಕಿಕೊಂಡು, ಕುರ್ಚಿಗಳ ನಡುವಿನ ದಾರಿಯಲ್ಲಿ, ಯಾರ ಕಾಲೂ ತುಳಿಯದ ಹಾಗೆ ನೋಡಿಕೊಂಡು ಹೊರಗೆ ಹೋದಳು. ಹಿರಿಯ ಡಾಕ್ಟರು ಅವಳಿಗೆ ಬಾಗಿಲು ತೆರೆದು ಹಿಡಿದರು.

ಆಮೇಲಿನ ದಿನಗಳಲ್ಲಿ ಅವನು ಮನೆಗೆ ಹೋಗುವ ದಾರಿ ಬದಲಾಯಿಸಿದ. ಅಕ್ಕನ ಬೀದಿಯನ್ನು ತಪ್ಪಿಸಿ, ಸುತ್ತುಬಳಸಿ, ಮೀನಿನಂಗಡಿಯ ಹಿಂದಿನ ಕೊಚ್ಚೆಯಲ್ಲಿ ಹಾದು ಹೋಗುತ್ತಿದ್ದ. ಇಡೀ ನಾಡಿಗೆ ದಾರಿ ಮಾಡಿಕೊಟ್ಟವನಿಗೆ ಒಂದು ಬೀದಿ ದಾಟಲು ಕಾಲು ಬರಲಿಲ್ಲ. ಇದಕ್ಕಿಂತ ನಾಚಿಕೆಗೇಡು ಇದೆಯೇ? ಇತ್ತು. ಮೊದಲ ಗುರುವಾರ ಬಂದು ಹೋದ ಮೇಲೆ ಹೆಂಡತಿ ಅವನ ತಟ್ಟೆಯ ಮುಂದೆ ಕೂತು ಹೇಳಿದಳು.

"ರೀ, ಅಕ್ಕ ಆಸ್ಪತ್ರೆಗೆ ಹೋಗಲಿಲ್ಲ. ಮಾತ್ರೆ ಮುಗಿದಿದೆಯಂತೆ. ಮಿಷನ್ನಿನ ಮುಸುಕು ತೆಗೆದೇ ಇಲ್ಲ. ನಾನು ಹೋದಾಗ ದೀಪಾನೂ ಹಾಕದೆ ಕೂತಿದ್ರು."

ಅವನು ಹಿರಿಯ ಡಾಕ್ಟರ ಬಳಿ ಓಡಿದ. ಅವರು ಹಂಗಿಸಲಿಲ್ಲ. ಇಂಥ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಹಳೆಯದು ದುಪ್ಪಟ್ಟಾಗಿ ಮರಳಬಹುದು, ಆಗ ಅವಳು ತನ್ನ ಜೀವಕ್ಕೇ ಏನಾದರೂ ಮಾಡಿಕೊಂಡಾಳು, ಬೇಗ ಕರೆದುಕೊಂಡು ಹೋಗು ಎಂದು ಮಾತ್ರ ಹೇಳಿದರು. ಅವರು ಒಂದು ಮಾತು ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಂದೇ ಸಂಜೆ ಅಕ್ಕನ ಮನೆಗೆ ಹೋದ. ಅವಳು ನೆಲದ ಮೇಲೆ ಗುಂಡಿಗಳನ್ನು ಸುರಿದುಕೊಂಡು ಬಿಳಿಯದನ್ನೂ ನೀಲಿಯದನ್ನೂ ಬೇರೆ ಮಾಡುತ್ತಿದ್ದಳು. ಮಾಡಿದ ರಾಶಿಯನ್ನು ಮತ್ತೆ ಬೆರೆಸುತ್ತಿದ್ದಳು. ಅವನು ಹೊಸ್ತಿಲಲ್ಲೇ ಕೂತ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ, ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು.

"ನೀನು ಕಂಡಕ್ಟರ್ ಥರ ಮಾಡಿ ತೋರಿಸ್ತಿದ್ದೆಯಲ್ಲ," ಎಂದಳು ಅಕ್ಕ, ಗುಂಡಿಗಳಿಂದ ಕಣ್ಣೆತ್ತದೆ. "ಚೆನ್ನಾಗಿ ಮಾಡ್ತಿದ್ದೆ ಕಣೋ."

ಅವನ ಮುಖ ಕಿವಿಯವರೆಗೂ ಬಿಸಿಯಾಯಿತು. ತಾನು ಎಷ್ಟು ಸಲ ಆ ಚೀಲ ಸಿಕ್ಕಿಸಿಕೊಂಡು ಕೂಗಿದ್ದೆ, ಅದರಲ್ಲಿ ಎಷ್ಟು ಸಲ ಅದು ಗುರುವಾರವೇ ಆಗಿತ್ತು, ಬಸ್ಸಿನಿಂದ ಇಳಿದು ಬಂದವಳ ಎದುರಿಗೇ ಆಗಿತ್ತು ಎಂದೆಲ್ಲ ನೆನಪಾಗತೊಡಗಿತು. ಅಕ್ಕ ಆ ಆಸ್ಪತ್ರೆಗೆ ಹೋಗತೊಡಗಿದ್ದು ಅವನ ಮದುವೆಯ ಮಾತು ನಡೆಯುತ್ತಿದ್ದ ಕಾಲದಲ್ಲಿ. ಹುಡುಗಿಯ ಮನೆಯವರಿಗೆ ತಿಳಿದರೆ ಸಂಬಂಧ ಮುರಿಯುತ್ತದೆಂದು ಮುಚ್ಚಿಟ್ಟಳು. ಆಮೇಲೆ ಅವನಿಗೆ ಕೆಲಸ ಖಾಯಂ ಆಗಲಿ ಎಂದು, ಆಮೇಲೆ ಮಗು ದೊಡ್ಡದಾಗಲಿ ಎಂದು. ಹೋದದ್ದು ಮಾರ್ಕೆಟ್ಟಿಗೇ ಎಂಬುದಕ್ಕೆ ಸಾಕ್ಷಿಯಾಗಿ ಪ್ರತಿ ಸಲವೂ ಗುಂಡಿ ತಂದಳು. ಮುಚ್ಚಿಡುವವರು ಕಳ್ಳರು ಎಂದು ಅವನು ಸಭೆಯಲ್ಲಿ ಹೇಳಿದ್ದು ಈ ಕಳ್ಳಿಯನ್ನು.

ಈಗ ಜ್ವರ ಅಂತ ಕೇಂದ್ರಕ್ಕೆ ಹೋದರೂ ಮೊದಲು ಅದೇ ಕಾಣುತ್ತದೆ, ಬೆನ್ನು ನೋವು ಎಂದರೂ ಅಲ್ಲಿನ ನರ್ಸ್ ಹುಡುಗಿ ತನ್ನ ಕಣ್ಣನ್ನೇ ದಿಟ್ಟಿಸುತ್ತಾಳೆ, ಇನ್ನು ಮೇಲೆ ಯಾವ ಆಸ್ಪತ್ರೆಯೂ ಬೇಡ ಎಂದಳು. ಅವನು ಬೀಗ ಹಾಕಿಸುತ್ತೇನೆ ಎಂದ. ಅವಳು ಮೊದಲ ಬಾರಿಗೆ ಅವನ ಮುಖ ನೋಡಿದಳು.

"ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕ್ತೀಯಾ?" ಎಂದಳು. ಕೈಯಲ್ಲಿದ್ದ ಗುಂಡಿಯನ್ನು ಬಿಳಿಯ ರಾಶಿಗೆ ಹಾಕಿ, "ಹಾಕಿಸು. ಆ ಬಸ್ಸಲ್ಲಿ ನಾನೊಬ್ಬಳೇ ಹೋಗೋದಲ್ಲ," ಎಂದಳು.

ಬೀಗದ ಸಲುವಾಗಿ ಅದೇ ವಾರ ಮತ್ತೆ ಮೂರು ಮಟ್ಟದ ಸಭೆ ಸೇರಿತು. ಅವನು ಎದ್ದು ನಿಂತು, ಹಿಂದೆ ತಾನೇ ನಗೆಯಾಡಿ ತಳ್ಳಿಹಾಕಿದ್ದನ್ನು ಈಗ ಬೇಡಿದ. ಆ ಆಸ್ಪತ್ರೆಯದು ಮತ್ತು ಅಂಥ ಕೆಲವು ವಿಭಾಗಗಳದು ರೋಗಿ ಒಪ್ಪಿದರೆ ಮಾತ್ರ ಬೇರೆಯವರಿಗೆ ಕಾಣಬೇಕು, ಬರೆದದ್ದು ಎಂದಿನಂತೆ ಮೇಲೆ ಹೋಗಲಿ, ಆದರೆ ಬೀಗ ಸಿದ್ಧವಾಗುವವರೆಗೆ ಬೇರೆಯವರು ನೋಡುವ ಸಂಪರ್ಕವನ್ನೇ ಮುಚ್ಚಬೇಕು ಎಂದ. ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಚಹಾದ ಲೋಟ ನೋಡುತ್ತಿದ್ದರು. ಕೇಳಿದ್ದರೆ, ಅದು ತಾಂತ್ರಿಕ ದೋಷವಲ್ಲ, ಅದು ನಮ್ಮ ಅಕ್ಕನದೇ ಎಂದು ಹೇಳಿಬಿಡಬೇಕೆಂದು ಮನೆಯಿಂದಲೇ ಗಟ್ಟಿಮಾಡಿಕೊಂಡು ಬಂದಿದ್ದ. ಕೇಳದಿದ್ದರೂ ಹೇಳಬಹುದಿತ್ತು. ಹೇಳಲಿಲ್ಲ. ಸಂಪರ್ಕ ಮುಚ್ಚುವುದೆಂದು ತೀರ್ಮಾನವಾಯಿತು. "ಕೂತ್ಕೋಪ್ಪಾ" ಎಂದು ಹಿರಿಯ ಡಾಕ್ಟರು ಮೆಲ್ಲಗೆ ಹೇಳಿದ ಮೇಲೆಯೇ ತಾನಿನ್ನೂ ನಿಂತಿದ್ದೇನೆಂದು ಅವನಿಗೆ ತಿಳಿದದ್ದು.

ಮುಂದಿನ ಗುರುವಾರ ಅಕ್ಕ ಹೊರಟಳು. ನಾನೂ ಬರಲೇ ಎಂದು ಕೇಳಿದ. ಬಾ, ಗುಂಡಿ ಹೊರುವುದಕ್ಕೆ ಒಬ್ಬರು ಬೇಕು ಎಂದಳು. ಹದಿನೆಂಟನೇ ನಂಬರ್ ಬಸ್ಸು ಬಂತು. ಕಂಡಕ್ಟರು ಬಂದಾಗ ಕೊನೇ ಸ್ಟಾಪಿಗೆ ಎರಡು ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಬೇಕೆಂದು ಅವನಿಗೆ ಹುರುಪು ಬಂದಿತ್ತು. ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಪರದೆಯ ನೆನಪಾಗಿ ಬಾಯಿ ಮುಚ್ಚಿ, ಎಲ್ಲಿಗೆ ತಗೊಳ್ಳಲಿ ಎಂದು ಅಕ್ಕನನ್ನೇ ಮೆಲ್ಲಗೆ ಕೇಳಿದ.

"ಮಾರ್ಕೆಟ್ಟಿಗೆ," ಎಂದಳು. "ಎಲ್ಲರೂ ಒಂದು ಸ್ಟಾಪು ಮುಂಚೆ ಇಳೀತೀವಿ."

ಮಾರ್ಕೆಟ್ಟಿನಲ್ಲಿ ಅವರ ಜೊತೆ ಇನ್ನೂ ಹಲವರು ಇಳಿದರು. ತರಕಾರಿ ಅಂಗಡಿಗಳ ಮುಂದೆ ಒಂದಿಷ್ಟು ನಿಂತಂತೆ ಮಾಡಿ, ಒಬ್ಬೊಬ್ಬರಾಗಿ, ಒಬ್ಬರನ್ನೊಬ್ಬರು ಅರಿಯದವರ ಹಾಗೆ, ಒಂದೇ ರಸ್ತೆ ಹಿಡಿದು ನಡೆದರು. ಒಬ್ಬ ಮಾಸ್ತರಂಥವನು, ಮಗುವನ್ನೆತ್ತಿಕೊಂಡ ಒಬ್ಬಳು ತಾಯಿ, ಪುರಸಭೆಯ ಸಮವಸ್ತ್ರದ ಒಬ್ಬ ಮುದುಕ. ಬಸ್ಸು ಖಾಲಿಯಾಗಿ ಅವರನ್ನು ದಾಟಿ ಕೊನೇ ಸ್ಟಾಪಿಗೆ ಹೋಯಿತು. ಆ ಬಸ್ಸಿನ ಮೇಲೆ ತಮಾಷೆ ಕಟ್ಟಿದ ಊರಿಗೆ ಈ ನಡಿಗೆಯ ಸುದ್ದಿಯೇ ಗೊತ್ತಿರಲಿಲ್ಲ. ಅವನು ತಲೆ ತಗ್ಗಿಸಿ ನಡೆದ.

ಆಸ್ಪತ್ರೆಯ ಕೌಂಟರಿನ ಮುಂದೆ ಸಾಲಿತ್ತು. ಅಕ್ಕನ ಪಕ್ಕದಲ್ಲಿ ನಿಂತಿದ್ದ ಅವನನ್ನು ಕೌಂಟರಿನ ಗುಮಾಸ್ತ ಗಾಜಿನಾಚೆಯಿಂದಲೇ ಗುರುತು ಹಿಡಿದ. ಸೇತುವೆಯ ತರಬೇತಿಗೆ ಬಂದಿದ್ದವನು. ಎದ್ದು ನಿಂತು ಕೈಮುಗಿದ.

"ಸಾರ್, ನೀವಾ? ಏನು, ಇನ್‌ಸ್ಪೆಕ್ಷನ್ನಾ?"

ಸಾಲಿನವರೆಲ್ಲ ತಿರುಗಿ ನೋಡಿದರು. ರಾತ್ರಿಯೆಲ್ಲ ಅವನು ಕಲಿತುಕೊಂಡಿದ್ದ ಮಾತು ಗಂಟಲಲ್ಲಿತ್ತು. ಆದರೆ ಹೊರಗೆ ಬಂದದ್ದು ಬೇರೆ.

"ಹೂಂ," ಎಂದ.

ಅಕ್ಕ ತಿರುಗಲಿಲ್ಲ. ಅವನಿಂದ ಒಂದು ಹೆಜ್ಜೆ ಆಚೆ ಸರಿದು ನಿಂತಳು, ಅಷ್ಟೇ. ಇಂಥದಕ್ಕೆ ಜಾಗ ಬಿಟ್ಟುಕೊಡುವುದು ಅವಳಿಗೆ ಹೊಸದಲ್ಲ. ಅವಳ ಸರದಿ ಬಂತು. ಗುಮಾಸ್ತ ಕಾರ್ಡು ಒತ್ತಿ, ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದ.

"ಯಾರೂ ಇಲ್ಲ," ಎಂದಳು ಅಕ್ಕ.

ಗುಮಾಸ್ತ ಒತ್ತಿದ. ತಮ್ಮನೇ ಎಂಜಿನಿಯರಿಗೆ ಫೋನಿನ ಮೇಲೆ ಫೋನು ಮಾಡಿ, ಸಾಲದು ಸಾಲದು ಎಂದು ಚುರುಕು ಮಾಡಿಸಿದ ವ್ಯವಸ್ಥೆ ಅದು. ಕಣ್ಣು ಮಿಟುಕಿಸುವಷ್ಟರಲ್ಲಿ ಬರೆದದ್ದು ಮೇಲೆ ಹೋಯಿತು.

ಆಗ ಅವನಿಗೆ ಕಾಲು ಬಂತು. ಸಾಲನ್ನು ದಾಟಿ ಕೌಂಟರಿಗೆ ಹೋಗಿ, ಆದರೆ ಗುಮಾಸ್ತನನ್ನು ಬಿಟ್ಟು ಅಕ್ಕನನ್ನೇ ಕೇಳಿದ, "ಅಕ್ಕ, ನಾನು ಹೇಳ್ಲಾ?" ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನು ಗಾಜಿನ ಕಡೆ ತಿರುಗಿದ.

"ಇನ್‌ಸ್ಪೆಕ್ಷನ್ ಅಲ್ಲ ಕಣಪ್ಪಾ. ಇವಳು ನಮ್ಮಕ್ಕ. ನಾನು ಇವಳ ಜೊತೆ ಬಂದಿದೀನಿ. ಅದನ್ನ ತಿದ್ದು, ತಮ್ಮ ಬಂದಿದಾನೆ ಅಂತ ಹಾಕು."

ಗುಮಾಸ್ತ ಅವನನ್ನೂ ಅವಳನ್ನೂ ನೋಡಿ, ತಾನೇ ತಪ್ಪು ಮಾಡಿದವನಂತೆ ತಲೆ ಕೆರೆದುಕೊಂಡ.

"ಆಗಲ್ಲ ಸಾರ್. ಒಂದ್ಸಲ ಹೋದ್ರೆ ನಾವು ಮುಟ್ಟೋ ಹಾಗಿಲ್ಲ. ನಿಮ್ಮ ಆಫೀಸಿಗೇ ಅರ್ಜಿ ಹಾಕ್ಬೇಕು. ನೀವೇ ಮಾಡಿದ ರೂಲ್ಸು."

ಹಿಂದೆ ಯಾರೋ ನಕ್ಕರು. ಅವನು ಕೌಂಟರಿನ ಕಟ್ಟೆ ಹಿಡಿದುಕೊಂಡು ನಿಂತ. ಅಕ್ಕ ತನ್ನ ಕಾರ್ಡನ್ನು ತೆಗೆದು ಚೀಲಕ್ಕೆ ಹಾಕಿಕೊಂಡು, ಚೀಲವನ್ನು ಅವನ ಕೈಗೆ ಕೊಟ್ಟಳು.

"ಬಿಡು," ಎಂದಳು. "ಮುಂದಿನ ತಿಂಗಳು ಹಾಕಿಸಿದ್ರಾಯ್ತು. ಬರ್ತೀಯ ತಾನೆ?"